ದಡಕ್ಕೊಂದು ಅಗಲವಿದೆ

ಭಾರತದ ಕರಾವಳಿಯ ಉದ್ದ ಎಷ್ಟು ಎಂದು ಕೇಳಿದರೆ ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಈಗಲೂ 7,516 ಕಿಲೋಮೀಟರ್ ಎನ್ನುತ್ತಾರೆ. ಕೇಂದ್ರ ಗೃಹ ಸಚಿವಾಲಯ ಈಚೆಗೆ ಒಪ್ಪಿಕೊಂಡಿರುವ ಹೊಸ ಲೆಕ್ಕ 11,098 ಕಿಲೋಮೀಟರ್. ಅದರಲ್ಲಿ ಕರ್ನಾಟಕದ ಪಾಲು 280ರಿಂದ 343ಕ್ಕೆ ಏರಿದೆ. ಕಡಲು ಇದ್ದಲ್ಲೇ ಇದೆ, ಗಡಿಗಳೂ ಇದ್ದಲ್ಲೇ ಇವೆ. ಬದಲಾದದ್ದು ಅಳತೆಗೆ ಬಳಸಿದ ನಕ್ಷೆ. ಐವತ್ತು ವರ್ಷದ ಹಿಂದೆ ಅಳೆದ ನಕ್ಷೆ ತೀರಾ ಚಿಕ್ಕ ಪ್ರಮಾಣದ್ದಾಗಿತ್ತು. ಸಣ್ಣ ಕೊಲ್ಲಿ, ಅಳಿವೆ, ಭೂಶಿರ ಯಾವುದೂ ಅದರಲ್ಲಿ ಕಾಣುತ್ತಿರಲಿಲ್ಲ. ಹೊಸ ನಕ್ಷೆಯಲ್ಲಿ ಅವೆಲ್ಲ ಕಂಡವು, ಉದ್ದ ಬೆಳೆಯಿತು. ಇನ್ನೂ ಸೂಕ್ಷ್ಮವಾಗಿ ಅಳೆದರೆ ಇನ್ನೂ ಬೆಳೆಯುತ್ತದೆ. ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾ 1967ರಲ್ಲಿ ಬ್ರಿಟನ್ನಿನ ಕರಾವಳಿಯನ್ನು ಮುಂದಿಟ್ಟುಕೊಂಡು ಇದನ್ನೇ ಹೇಳಿದ್ದರು: ಅಳತೆಗೋಲು ಚಿಕ್ಕದಾದಷ್ಟೂ ದಡ ಉದ್ದವಾಗುತ್ತ ಹೋಗುತ್ತದೆ.

ಇದು ಗಣಿತದ ತೊಡಕು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ: ಅಳೆಯುವುದು ಯಾವ ಹೊತ್ತಿನಲ್ಲಿ? ಕಾರವಾರದ ಕೋಡಿಬಾಗದಲ್ಲಿ ಬೆಳಿಗ್ಗೆ ನೀರಿದ್ದ ಜಾಗ ಮಧ್ಯಾಹ್ನದ ಹೊತ್ತಿಗೆ ಕೆಸರು ಬಯಲಾಗಿರುತ್ತದೆ. ಕಾಳಿ ನದಿಯ ಕದ್ರಾ ಅಣೆಕಟ್ಟೆಯ ಹಿನ್ನೀರಿನಲ್ಲಿ ಅಕ್ಟೋಬರ್ ತಿಂಗಳ ದಡ ಬೇರೆ, ಮೇ ತಿಂಗಳದ್ದು ಬೇರೆ. ನಕ್ಷೆಯಲ್ಲಿ ದಡವೆಂದರೆ ಒಂದು ಗೆರೆ. ನೆಲದ ಮೇಲೆ ಅದಕ್ಕೊಂದು ಅಗಲವಿದೆ. ನೀರು ಏರಿ ತಲುಪುವ ಮೇಲಿನ ಅಂಚಿನಿಂದ ಇಳಿದು ನಿಲ್ಲುವ ಕೆಳಗಿನ ಅಂಚಿನವರೆಗಿನ ಈ ಪಟ್ಟಿ ಕೆಲಹೊತ್ತು ನೀರಿನದು, ಕೆಲಹೊತ್ತು ನೆಲದ್ದು. ದಡದ ಚೆಲುವು, ದಡದ ಜೀವ, ದಡದ ಜಗಳ ಎಲ್ಲವೂ ಇರುವುದು ಈ ಪಟ್ಟಿಯಲ್ಲೇ.

ಇದನ್ನು ನೋಡಿ ಕಲಿಯಲು ಕಾರವಾರ–ಅಂಕೋಲಾ ಸೀಮೆಯಷ್ಟು ಅನುಕೂಲದ ಜಾಗ ನಾಡಿನಲ್ಲಿ ಕಡಿಮೆ. ಕಾಳಿ ನದಿಯೊಂದಕ್ಕೇ ಇಲ್ಲಿ ಎರಡು ಬಗೆಯ ದಡಗಳಿವೆ. ಒಂದು, ಕದ್ರಾ ಅಣೆಕಟ್ಟೆಯ ಹಿಂದೆ ಕಣಿವೆ ತುಂಬಿ ನಿಂತ ದೊಡ್ಡ ಸರೋವರದ್ದು. ಇನ್ನೊಂದು, ಅಲ್ಲಿಂದ ಮೂವತ್ತು–ಮೂವತ್ತೈದು ಕಿಲೋಮೀಟರ್ ಕೆಳಗೆ ಸದಾಶಿವಗಡ ಮತ್ತು ಕೋಡಿಬಾಗದ ನಡುವೆ ಕಡಲು ಸೇರುವ ಅಳಿವೆಯದ್ದು. ನದಿ ಒಂದೇ, ಮಳೆಯೂ ಒಂದೇ. ಆದರೂ ಒಂದು ದಡ ಬಹುಮಟ್ಟಿಗೆ ಬರಡು, ಇನ್ನೊಂದರಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜೀವ. ಹೀಗೇಕೆ ಎಂಬುದೇ ಈ ಅಧ್ಯಾಯದ ಪ್ರಶ್ನೆ.

ಕನ್ನಡಿಯ ಲೆಕ್ಕ

ಮೊದಲು ಕದ್ರಾ. 1990ರ ದಶಕದ ಕೊನೆಯಲ್ಲಿ ವಿದ್ಯುತ್ ಉತ್ಪಾದನೆ ಶುರುವಾದ ಈ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 34.5 ಮೀಟರ್. ಅಣೆಕಟ್ಟೆಯ ಬುಡದಲ್ಲಿ 150 ಮೆಗಾವ್ಯಾಟಿನ ವಿದ್ಯುದಾಗಾರವಿದೆ. ಕೈಗಾ ಅಣುಸ್ಥಾವರದ 220 ಮೆಗಾವ್ಯಾಟಿನ ನಾಲ್ಕು ಘಟಕಗಳನ್ನು ತಣಿಸುವ ನೀರು ಹೋಗುವುದೂ ಬಿಸಿಯಾಗಿ ಮರಳುವುದೂ ಈ ಹಿನ್ನೀರಿಗೇ. ಇಷ್ಟೆಲ್ಲ ಯಂತ್ರಗಳ ನಡುವೆಯೂ ಮಳೆ ಮುಗಿದ ಮೇಲಿನ ಬೆಳಗಿನಲ್ಲಿ ಕದ್ರಾದ ದಂಡೆಯಲ್ಲಿ ನಿಂತವರಿಗೆ ಯಂತ್ರಗಳು ನೆನಪಾಗುವುದಿಲ್ಲ. ಎರಡೂ ಬದಿಯ ಕಾಡು, ಮೇಲಿನ ಬೆಟ್ಟದ ಸಾಲು ಎಲ್ಲವೂ ನೀರಿನಲ್ಲಿ ತಲೆಕೆಳಗಾಗಿ ನಿಂತಿರುತ್ತವೆ.

ಈ ನೋಟದ ಹಿಂದೆ ಸರಳವಾದ ಭೌತಶಾಸ್ತ್ರವಿದೆ. ನೀರನ್ನು ನೆಟ್ಟಗೆ ಮೇಲಿನಿಂದ ಬಗ್ಗಿ ನೋಡಿದರೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ಪ್ರತಿಫಲಿಸುತ್ತದೆ. ಉಳಿದದ್ದು ಒಳಗೆ ಇಳಿಯುತ್ತದೆ. ಅದಕ್ಕೇ ಕಾಲಬುಡದ ನೀರಿನಲ್ಲಿ ಕಲ್ಲು, ಎಲೆ, ಮೀನುಮರಿ ಕಾಣುತ್ತವೆ. ನೋಟ ಓರೆಯಾದಂತೆ ಪ್ರತಿಫಲನ ಏರುತ್ತದೆ. ಲಂಬದಿಂದ 80 ಡಿಗ್ರಿಯಷ್ಟು ಓರೆಯಾದರೆ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಬೆಳಕು ಮರಳಿ ಬರುತ್ತದೆ. ಆಚೆ ದಡದ ಹತ್ತಿರವಂತೂ ನೀರು ಬಹುಪಾಲು ಕನ್ನಡಿಯೇ. ಹೀಗಾಗಿ ಒಂದೇ ಸರೋವರ ಈಚೆ ಅಂಚಿನಲ್ಲಿ ಕಿಟಕಿಯಾಗಿ, ಆಚೆ ಅಂಚಿನಲ್ಲಿ ಕನ್ನಡಿಯಾಗಿ ಕಾಣುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ನೀರಿನಲ್ಲಿ ಕಾಣುವ ಬೆಟ್ಟ ಮೇಲಿನ ಬೆಟ್ಟದ ನಕಲಲ್ಲ. ನಮ್ಮ ಕಣ್ಣು ನೀರಿನ ಮೇಲೆ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಆಳದಲ್ಲಿ, ನೀರಿನ ಕೆಳಗೆ, ಇನ್ನೊಂದು ಕಣ್ಣಿದ್ದರೆ ಅದಕ್ಕೆ ಕಾಣುವಂಥ ಬೆಟ್ಟ ಅದು. ಕೆಳಗಿನಿಂದ ನೋಡುವ ಆ ಕಣ್ಣಿಗೆ ದಂಡೆಯ ಮರಗಳು ಹೆಚ್ಚು ಅಡ್ಡ ಬರುತ್ತವೆ, ಹಿಂದಿನ ಶಿಖರ ಗಿಡ್ಡವಾಗುತ್ತದೆ. ದಡದಲ್ಲಿ ಕೂತು ನೋಡಿದರೆ ಈ ವ್ಯತ್ಯಾಸ ಕಡಿಮೆ, ಎತ್ತರದ ಏರಿಯ ಮೇಲೆ ನಿಂತರೆ ಹೆಚ್ಚು. ಛಾಯಾಚಿತ್ರ ತೆಗೆಯುವವರು ಇದನ್ನು ಪರೀಕ್ಷಿಸಿ ನೋಡಬಹುದು: ಬೆಟ್ಟ ಮತ್ತು ಬಿಂಬ ಎರಡನ್ನೂ ಸೇರಿಸಿ ತೆಗೆದ ಚಿತ್ರವನ್ನು ತಿರುಗಿಸಿ ಹಿಡಿದರೂ ಯಾವುದು ಬೆಟ್ಟ, ಯಾವುದು ಬಿಂಬ ಎಂದು ಗುರುತಿಸಲು ಸಾಧ್ಯ. ಬಿಂಬದ ಬಣ್ಣವೂ ತುಸು ಗಾಢವಾಗಿರುತ್ತದೆ, ಬೆಳಕಿನ ಒಂದು ಪಾಲು ನೀರೊಳಗೆ ಇಳಿದುಹೋದದ್ದರಿಂದ.

ಹೊತ್ತು ಏರಿದಂತೆ ಗಾಳಿ ಬೀಸಿ ಕನ್ನಡಿ ಒಡೆಯುತ್ತದೆ. ಮೊದಲು ಏಳುವ ನವಿರು ಸುಕ್ಕುಗಳನ್ನು ಆಳುವುದು ನೀರಿನ ಮೇಲ್ಮೈ ಎಳೆತ. ದೊಡ್ಡ ಅಲೆಗಳನ್ನು ಆಳುವುದು ಗುರುತ್ವ. ಇವೆರಡರ ನಡುವಿನ ಗಡಿ ಸುಮಾರು 1.7 ಸೆಂಟಿಮೀಟರ್ ಉದ್ದದ ಅಲೆ. ನೀರಿನ ಮೇಲೆ ಓಡಬಲ್ಲ ಅಲೆಗಳಲ್ಲೆಲ್ಲ ಇದೇ ಅತಿ ನಿಧಾನದ್ದು, ವೇಗ ಸೆಕೆಂಡಿಗೆ ಸುಮಾರು 23 ಸೆಂಟಿಮೀಟರ್. ಇದನ್ನು ಬಳಸಿ ಹೊಳೆಯ ವೇಗವನ್ನು ಕಣ್ಣಳತೆಯಲ್ಲೇ ಹೇಳಬಹುದು. ಹರಿವ ನೀರಿನಲ್ಲಿ ಒಂದು ಕಡ್ಡಿ ನೆಡಿ. ಅದರ ಮುಂದೆ ನಿಂತಲ್ಲೇ ನಿಲ್ಲುವ ನವಿರು ಅಲೆಗಳ ಸಾಲು ಮೂಡಿದರೆ ನೀರು ಸೆಕೆಂಡಿಗೆ 23 ಸೆಂಟಿಮೀಟರ್‌ಗಿಂತ ಜೋರಾಗಿ ಹರಿಯುತ್ತಿದೆ. ಏನೂ ಮೂಡದಿದ್ದರೆ ಅದಕ್ಕಿಂತ ನಿಧಾನ.

ದಡದ ಮೇಲಿನ ಮೆಟ್ಟಿಲು

ಕನ್ನಡಿಯಿಂದ ಕಣ್ಣು ಕಿತ್ತು ಕಾಲಬುಡಕ್ಕೆ ನೋಡಿದರೆ ಕದ್ರಾದ ದಡ ಬೇರೆ ಕಥೆ ಹೇಳುತ್ತದೆ. ನೀರಿಗೂ ಕಾಡಿಗೂ ನಡುವೆ ಕೆಂಪು ಮಣ್ಣಿನ ಬೋಳು ಪಟ್ಟಿ. ಹತ್ತಿರ ಹೋಗಿ ಕೂತು ನೋಡಿದರೆ ಅದರ ಮೇಲೆ ಗೇಣುದ್ದ, ಚೋಟುದ್ದದ ಸಣ್ಣ ಸಣ್ಣ ಮೆಟ್ಟಿಲುಗಳು ನೀರಿಗೆ ಸಮಾನಾಂತರವಾಗಿ ಸಾಗಿವೆ. ಯಾರೂ ಕಡಿದದ್ದಲ್ಲ. ನೀರು ಒಂದೇ ಮಟ್ಟದಲ್ಲಿ ಕೆಲವು ದಿನ ನಿಂತರೆ ಅಲೆಗಳು ಅಷ್ಟೂ ದಿನ ಒಂದೇ ಎತ್ತರದಲ್ಲಿ ಮಣ್ಣನ್ನು ಕೊರೆಯುತ್ತವೆ. ಮಟ್ಟ ಇಳಿದರೆ ಕೊರೆತ ಕೆಳಗೆ ಸರಿಯುತ್ತದೆ. ಅಗಲವಾದ ಮೆಟ್ಟಿಲಿದ್ದಲ್ಲಿ ನೀರು ಹೆಚ್ಚು ದಿನ ನಿಂತಿತ್ತು. ಮೆಟ್ಟಿಲೇ ಇಲ್ಲದ ಕಡೆ ಸರಸರನೆ ಇಳಿದಿತ್ತು. ಗಾಳಿಗೆ ಎದುರಾಗಿ, ಮುಂದೆ ಬಹುದೂರ ಬಯಲು ನೀರಿರುವ ದಡದಲ್ಲಿ ಮೆಟ್ಟಿಲು ಆಳ. ಮೂಲೆಯ ಕೊರಕಲುಗಳಲ್ಲಿ ಅಷ್ಟಿಲ್ಲ. ಗಾಳಿ ಓಡಲು ಸಿಕ್ಕ ನೀರಿನ ಉದ್ದ ಹೆಚ್ಚಿದಷ್ಟೂ ಅಲೆ ಬೆಳೆಯುವುದೇ ಇದಕ್ಕೆ ಕಾರಣ.

ಕದ್ರಾದಲ್ಲಿ ಈ ಪಟ್ಟಿ ಕೆಲವೇ ಮೀಟರ್ ಎತ್ತರದ್ದು. ಇದೇ ನದಿಯ ಮೇಲ್ಭಾಗದಲ್ಲಿ, ಜೋಯಿಡಾದ ಸೂಪಾ ಜಲಾಶಯಕ್ಕೆ ಹೋದರೆ ಬೇಸಿಗೆಯಲ್ಲಿ ಹತ್ತಾರು ಮೀಟರ್ ಎತ್ತರದ ಕೆಂಪು ಗೋಡೆಯೇ ಕಾಣುತ್ತದೆ. 101 ಮೀಟರ್ ಎತ್ತರದ ಆ ಅಣೆಕಟ್ಟೆಯ ಹಿಂದೆ ಸುಮಾರು 145 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಊರೇ ಅದರಡಿ ಮುಳುಗಿತು; ನೀರು ತೀರಾ ಇಳಿದ ವರ್ಷಗಳಲ್ಲಿ ಹಳೆಯ ಊರಿನ ಅವಶೇಷ ತಲೆ ಎತ್ತುತ್ತದೆ.

ನಿಸರ್ಗದ ಸರೋವರಗಳಲ್ಲಿ ದಡದಂಚು ಅತಿ ಫಲವತ್ತಾದ ಭಾಗ. ತಳದವರೆಗೂ ಬೆಳಕು ಇಳಿಯುವುದರಿಂದ ಬೇರುಬಿಟ್ಟ ಜಲಸಸ್ಯಗಳು, ಅವುಗಳ ನಡುವೆ ಹುಳ, ಬಸವನಹುಳು, ಮೀನಿನ ಮರಿ, ಅವನ್ನು ತಿನ್ನುವ ಹಕ್ಕಿ ಎಲ್ಲ ಅಲ್ಲೇ ಸೇರುತ್ತವೆ. ಸರೋವರಗಳ ವಿಜ್ಞಾನಕ್ಕೆ ತಳಹದಿ ಹಾಕಿದ ಸ್ವಿಟ್ಜರ್ಲೆಂಡಿನ ಫ್ರಾಂಸ್ವಾ ಫೊರೆಲ್ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜಿನೀವಾ ಸರೋವರದ ದಡದಲ್ಲೇ ಬಾಳು ಕಳೆದವರು. ಸರೋವರದ ಮಟ್ಟ ಯಾವ ಮಳೆಯೂ ಇಲ್ಲದೆ ತಾಸಿಗೊಮ್ಮೆ ಏರಿಳಿಯುವುದೇಕೆ ಎಂಬುದನ್ನು ಅವರು ಬಿಡಿಸಿ ತೋರಿಸಿದರು. ಗಾಳಿಯೋ ವಾಯುಭಾರದ ಬದಲಾವಣೆಯೋ ಒಮ್ಮೆ ತಳ್ಳಿದರೆ ಇಡೀ ಸರೋವರ ಒಂದು ತುದಿಯಿಂದ ಇನ್ನೊಂದು ತುದಿಗೆ ಓಲಾಡುತ್ತದೆ. ಓಲಾಟದ ಅವಧಿ ಸರೋವರದ ಉದ್ದ ಮತ್ತು ಆಳದಿಂದ ನಿರ್ಧಾರವಾಗುತ್ತದೆ. ಜಿನೀವಾದಲ್ಲಿ ಅದು 74 ನಿಮಿಷದ ಆಸುಪಾಸು. ಹತ್ತು ಕಿಲೋಮೀಟರ್ ಉದ್ದ, ಹತ್ತು ಮೀಟರ್ ಆಳದ ಸರೋವರವಾದರೆ ಲೆಕ್ಕದ ಪ್ರಕಾರ 34 ನಿಮಿಷ. ನಿಂತ ನೀರೆಂದು ನಾವು ಕರೆಯುವುದೂ ಪೂರ್ತಿ ನಿಂತಿರುವುದಿಲ್ಲ.

ಹಾಗಾದರೆ ಕದ್ರಾ, ಸೂಪಾಗಳ ದಡ ಬೋಳಾಗಿರುವುದೇಕೆ? ನೀರು ಏರಿಳಿಯುತ್ತದೆ ಎಂಬುದಷ್ಟೇ ಕಾರಣವಲ್ಲ. ಬಯಲುಸೀಮೆಯ ಕೆರೆಗಳಲ್ಲೂ ನೀರು ಏರಿಳಿಯುತ್ತದೆ. ಅಲ್ಲಿ ಬೇಸಿಗೆಗೆ ನೀರು ಸರಿದ ಕೆರೆಯಂಗಳದಲ್ಲಿ ಹುಲ್ಲು ಚಿಗುರುತ್ತದೆ, ಜನ ತರಕಾರಿಯನ್ನೂ ಬೆಳೆದುಕೊಳ್ಳುತ್ತಾರೆ. ಅದು ಋತುವಿನ ಲಯ, ಗಿಡಗಳಿಗೂ ಹುಳಗಳಿಗೂ ಗೊತ್ತಿರುವ ಲಯ. ವಿದ್ಯುತ್ ಜಲಾಶಯದ ಮಟ್ಟವನ್ನು ತೀರ್ಮಾನಿಸುವುದು ಮಳೆಯ ಜೊತೆಗೆ ಬೇಡಿಕೆ. ರಾಜ್ಯದಲ್ಲಿ ಎಷ್ಟು ಪಂಪ್‌ಸೆಟ್ಟು, ಎಷ್ಟು ಫ್ಯಾನು ಓಡುತ್ತಿವೆ, ಮೇಲಿನ ಕೊಡಸಳ್ಳಿ ಅಣೆಕಟ್ಟೆಯಿಂದ ಎಷ್ಟು ನೀರು ಬಂತು ಎಂಬುದರ ಮೇಲೆ ಅದು ಏರಿಳಿಯುತ್ತದೆ. 2019ರ ಆಗಸ್ಟಿನಲ್ಲಿ ಕದ್ರಾದಿಂದ ಬಿಟ್ಟ ನೀರು ಕೆಳಗಿನ ಹಳ್ಳಿಗಳಿಗೆ ನುಗ್ಗಿದ ಮೇಲೆ ಮಳೆಗಾಲದ ಮಟ್ಟಕ್ಕೆ ಪ್ರವಾಹದ ಭಯವೂ ಸೇರಿಕೊಂಡಿದೆ. ಬೀಜವೊಂದು ಮೊಳೆತು ಬೇರು ಬಿಡುವಷ್ಟರಲ್ಲಿ ಅದು ಮುಳುಗಬಹುದು, ಇಲ್ಲವೇ ನೀರಿನಿಂದ ದೂರವಾಗಿ ಒಣಗಬಹುದು. ಕಾಡಿನ ಗಿಡಕ್ಕೆ ಅಲ್ಲಿ ನೀರು ಹೆಚ್ಚು, ನೀರಿನ ಗಿಡಕ್ಕೆ ಅಲ್ಲಿ ಒಣ ಹೆಚ್ಚು. ಬೇರು ಹಿಡಿಯದ ಮಣ್ಣು ಅಲೆಗೆ ತೊಳೆದುಹೋಗುತ್ತದೆ. ಉಳಿಯುವುದು ಜಂಬಿಟ್ಟಿಗೆಯ ಚೂರು, ಮುಳುಗಿದ ಕಾಡಿನ ಮೋಟು.

ಚಂದ್ರನ ಗಡಿಯಾರ

ಈಗ ಕೆಳಗೆ, ಕಾರವಾರಕ್ಕೆ ಬರೋಣ. ಇಲ್ಲಿನ ಕೊಲ್ಲಿಯೇ ಒಂದು ಸರೋವರದ ಹಾಗೆ ಶಾಂತ. ದಕ್ಷಿಣಕ್ಕೆ ಬೈತಖೋಲದ ಗುಡ್ಡ ಕಡಲಿಗೆ ಚಾಚಿದೆ. ಎದುರಿಗೆ ಕೂರ್ಮಗಡ, ದೇವಗಡ, ಅಂಜುದೀವ್ ದ್ವೀಪಗಳಿವೆ. ಅಲೆಗಳು ಆಳ ಕಡಿಮೆಯಾದಲ್ಲಿ ನಿಧಾನವಾಗಿ ಬಾಗುತ್ತವೆ. ಬಾಗಿದ ಅಲೆಗಳ ಶಕ್ತಿ ಭೂಶಿರಗಳ ಮೇಲೆ ಕೇಂದ್ರೀಕರಿಸಿ ಕೊಲ್ಲಿಯೊಳಗೆ ಹರಡಿ ತೆಳುವಾಗುತ್ತದೆ. ಅದಕ್ಕೇ ಗುಡ್ಡದ ಮೂತಿಯಲ್ಲಿ ಬಂಡೆ, ಕೊಲ್ಲಿಯಲ್ಲಿ ಮರಳು. ಅಂಕೋಲೆಯ ಬೇಲೇಕೇರಿ, ಕೇಣಿ, ನದಿಬಾಗದ ಅರ್ಧಚಂದ್ರಾಕಾರದ ದಂಡೆಗಳೂ ಇದೇ ನಿಯಮದಿಂದ ಆದವು. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆಂದು 1880ರ ದಶಕದ ಆರಂಭದಲ್ಲಿ ಬಂದ ತರುಣ ರವೀಂದ್ರನಾಥ ಟಾಗೋರರು ಮರುಳಾದದ್ದು ಈ ಶಾಂತ ಕೊಲ್ಲಿಗೆ. 'ಪ್ರಕೃತಿರ್ ಪ್ರತಿಶೋಧ್' ನಾಟಕ ಅವರಿಗೆ ದಕ್ಕಿದ್ದು ಇಲ್ಲೇ.

ಕೊಲ್ಲಿ ಶಾಂತವಾದರೂ ಮಟ್ಟ ಮಾತ್ರ ಒಂದು ತಾಸೂ ಒಂದೇ ಕಡೆ ನಿಲ್ಲದು. ದಿನಕ್ಕೆರಡು ಸಲ ಉಬ್ಬರ, ಎರಡು ಸಲ ಇಳಿತ. ಎರಡು ಉಬ್ಬರಗಳೂ ಸಮನಲ್ಲ, ಒಂದು ದೊಡ್ಡದು, ಒಂದು ಚಿಕ್ಕದು. ಚಂದ್ರ ಮತ್ತೆ ಅದೇ ಜಾಗಕ್ಕೆ ಬರಲು 24 ತಾಸು 50 ನಿಮಿಷ ಬೇಕಾದ್ದರಿಂದ ಉಬ್ಬರ ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ–ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಸುಮಾರು ಎರಡು ಮೀಟರ್, ಅಷ್ಟಮಿಯ ಹೊತ್ತಿಗೆ ಅದಕ್ಕಿಂತ ಬಹಳ ಕಡಿಮೆ. ಮೀನುಗಾರರ ಮನೆಯ ಮಕ್ಕಳಿಗೂ ಪಂಚಾಂಗ ನೋಡದೆ ಇದು ಗೊತ್ತು.

ಎರಡು ಮೀಟರ್ ದೊಡ್ಡದೇನಲ್ಲ. ಆದರೆ ಅಳಿವೆಯ ಕೆಸರು ಬಯಲು ಬಹುತೇಕ ಸಮತಟ್ಟು. ಇನ್ನೂರು ಮೀಟರ್ ದೂರಕ್ಕೆ ಒಂದು ಮೀಟರ್ ಇಳಿಜಾರಿದ್ದರೆ ಎರಡು ಮೀಟರ್ ಏರಿಳಿತಕ್ಕೆ 400 ಮೀಟರ್ ಅಗಲದ ನೆಲ ಮುಳುಗಿ ಏಳುತ್ತದೆ. ಅದೇ ಜಾಗದಲ್ಲಿ ನೆಟ್ಟಗಿನ ಗೋಡೆ ಕಟ್ಟಿದರೆ ದಡದ ಅಗಲ ಸೊನ್ನೆ. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಇಳಿತದ ಹೊತ್ತಿನಲ್ಲಿ ಕೆಸರಿನ ಅಂಚಿಗೆ ಹೋಗಿ ಅಲುಗಾಡದೆ ಕೂತರೆ ಕೆಲವೇ ನಿಮಿಷಗಳಲ್ಲಿ ಬಯಲು ಜೀವ ತಳೆಯುತ್ತದೆ. ಮೊದಲು ತೂತುಗಳ ಬಾಯಲ್ಲಿ ಕಡ್ಡಿಯಂಥ ಕಣ್ಣುಗಳು. ಆಮೇಲೆ ಒಂದು ಕೊಂಬು ಅತಿ ದೊಡ್ಡದು, ಇನ್ನೊಂದು ಅತಿ ಚಿಕ್ಕದು ಇರುವ ಗಂಡು ಏಡಿಗಳು. ದೊಡ್ಡ ಕೊಂಬನ್ನು ಮೇಲೆತ್ತಿ ಬೀಸುವುದು ಹೆಣ್ಣನ್ನು ಕರೆಯಲು, ಎದುರಾಳಿಯನ್ನು ಹೆದರಿಸಲು. ಚಿಕ್ಕ ಕೊಂಬು ಊಟಕ್ಕೆ: ಕೆಸರನ್ನು ಬಾಯಿಗೆ ತುಂಬಿ, ಅದರಲ್ಲಿನ ಪಾಚಿ–ಸೂಕ್ಷ್ಮಜೀವಿಗಳನ್ನು ಸೋಸಿ, ಉಳಿದ ಮಣ್ಣನ್ನು ಉಂಡೆ ಮಾಡಿ ಉಗುಳುತ್ತವೆ. ಹೆಣ್ಣಿಗೆ ಎರಡೂ ಚಿಕ್ಕವು, ಆದ್ದರಿಂದ ಊಟದ ವೇಗ ಹೆಚ್ಚು. ಪಕ್ಕದಲ್ಲೇ ಕೆಸರುಮೀನುಗಳು ಎದೆಯ ರೆಕ್ಕೆಗಳನ್ನೂರಿ ತೆವಳುತ್ತಿರುತ್ತವೆ, ಕಿವಿರಿನ ಕೋಣೆಯಲ್ಲಿ ನೀರು ತುಂಬಿಟ್ಟುಕೊಂಡು, ಒದ್ದೆ ಚರ್ಮದ ಮೂಲಕವೂ ಉಸಿರಾಡುತ್ತ.

ನೀರು ಮರಳುವ ಮೊದಲೇ ಏಡಿಗಳು ತೂತಿಗೆ ಇಳಿದುಬಿಡುತ್ತವೆ. ನೀರು ಕಂಡು ಓಡುವುದಲ್ಲ, ಹೊತ್ತು ಗೊತ್ತಿರುತ್ತದೆ. ಅಮೆರಿಕದ ಜೀವವಿಜ್ಞಾನಿ ಫ್ರಾಂಕ್ ಬ್ರೌನ್ ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇದೇ ಬಗೆಯ ಏಡಿಗಳನ್ನು ಪ್ರಯೋಗಾಲಯದಲ್ಲಿಟ್ಟು ನೋಡಿದರು. ಕಡಲಿನ ಸುಳಿವೇ ಇಲ್ಲದ ಕೋಣೆಯಲ್ಲೂ ಅವುಗಳ ಮೈಬಣ್ಣ, ಓಡಾಟ ಉಬ್ಬರವಿಳಿತದ ಲಯವನ್ನೇ ಅನುಸರಿಸುತ್ತಿದ್ದವು. ಕೋಟ್ಯಂತರ ವರ್ಷ ತಪ್ಪದೆ ಬಂದ ಲಯ ಏಡಿಯ ಮೈಯೊಳಗೆ ಗಡಿಯಾರವಾಗಿ ಕೂತಿದೆ.

ಕದ್ರಾ ಮತ್ತು ಕೋಡಿಬಾಗದ ವ್ಯತ್ಯಾಸ ಇಲ್ಲಿ ತಿಳಿಯಾಗುತ್ತದೆ. ದಿನಕ್ಕೆರಡು ಸಲ ಮುಳುಗುವ ನೆಲ ಬದುಕಲು ಸುಲಭದ ಜಾಗವೇನಲ್ಲ. ಉಪ್ಪು, ಬಿಸಿಲು, ಉಸಿರುಗಟ್ಟಿಸುವ ಕೆಸರು ಎಲ್ಲ ಇದೆ. ಆದರೂ ಕಷ್ಟ ಹೊತ್ತಿಗೆ ಸರಿಯಾಗಿ ಬರುವುದರಿಂದ ಅದಕ್ಕೆ ಹೊಂದಿಕೊಳ್ಳಲು ಸಾಧ್ಯವಾಯಿತು. ಚಂದ್ರನಿಗೆ ತಕ್ಕ ಗಡಿಯಾರವನ್ನು ಜೀವಿಗಳು ಕಟ್ಟಿಕೊಂಡವು. ವಿದ್ಯುತ್ ಬೇಡಿಕೆಗೆ ತಕ್ಕ ಗಡಿಯಾರ ಯಾವ ಜೀವಿಯಲ್ಲೂ ಇಲ್ಲ.

ಕೆಸರಿನ ಹುಟ್ಟು

ಈ ಕೆಸರಾದರೂ ಎಲ್ಲಿಯದು? ಘಟ್ಟದಿಂದ. ಮಳೆಗಾಲದಲ್ಲಿ ಹೊಳೆಗಳು ಕೆಂಪಗೆ ಬರುತ್ತವೆ. ಜೇಡಿಯ ಕಣಗಳು ಎಷ್ಟು ಸಣ್ಣವೆಂದರೆ ಸಿಹಿನೀರಿನಲ್ಲಿ ಅವು ತಳಕ್ಕಿಳಿಯುವುದೇ ಇಲ್ಲ. ಎಲ್ಲ ಕಣಗಳ ಮೈಮೇಲೂ ಋಣ ವಿದ್ಯುದಂಶವಿದ್ದು ಒಂದನ್ನೊಂದು ದೂಡುತ್ತಿರುತ್ತವೆ. ಉಪ್ಪುನೀರು ಸಿಕ್ಕೊಡನೆ ಅದರಲ್ಲಿನ ಸೋಡಿಯಂ, ಮೆಗ್ನೀಸಿಯಂ ಅಯಾನುಗಳು ಆ ವಿದ್ಯುದಂಶವನ್ನು ಮುಚ್ಚಿಹಾಕುತ್ತವೆ. ಕಣಗಳು ಅಂಟಿಕೊಂಡು ಹಿಂಜಿದ ಹತ್ತಿಯಂತೆ ಉಂಡೆಗಟ್ಟಿ ತಳಕ್ಕೆ ಇಳಿಯುತ್ತವೆ. ನದಿ ಕಡಲು ಸೇರುವ ಜಾಗದಲ್ಲೇ ಕೆಸರು ಬಯಲು ಹುಟ್ಟುವುದಕ್ಕೆ ಇದೊಂದು ಮುಖ್ಯ ಕಾರಣ. ಸಿಹಿನೀರು ಹಗುರ, ಉಪ್ಪುನೀರು ಭಾರ. ಅವೆರಡೂ ಕೂಡಲೇ ಬೆರೆಯವು. ಸದಾಶಿವಗಡದ ಹತ್ತಿರ ಕಾಳಿಯ ಮೇಲೆ ನೊರೆ, ಎಲೆ, ಕಸದ ಗೆರೆಯೊಂದು ಕೆಲವೊಮ್ಮೆ ಉದ್ದಕ್ಕೆ ಕಾಣುವುದು ಎರಡು ನೀರುಗಳು ಎದುರಾದ ಜಾಗದಲ್ಲಿ.

ಕೆಸರಿಗೆ ಬೆರಳಿಟ್ಟು ನೋಡಿ. ಮೇಲಿನ ಕೆಲವು ಮಿಲಿಮೀಟರ್ ಮಾತ್ರ ಕಂದು, ಅದರ ಕೆಳಗೆ ಅಪ್ಪಟ ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಕೆಳಗೆ ಆಮ್ಲಜನಕವಿಲ್ಲ. ಅಲ್ಲಿನ ಬ್ಯಾಕ್ಟೀರಿಯಾಗಳು ಕಡಲ ನೀರಿನ ಸಲ್ಫೇಟನ್ನೇ ಬಳಸಿ ಉಸಿರಾಡುತ್ತವೆ. ಅದರಿಂದ ಹೊರಬಂದ ಹೈಡ್ರೋಜನ್ ಸಲ್ಫೈಡ್ ವಾಸನೆ ಕೊಡುತ್ತದೆ. ಕಬ್ಬಿಣದ ಜೊತೆ ಸೇರಿ ಕಪ್ಪು ಬಣ್ಣವನ್ನೂ ಕೊಡುತ್ತದೆ. ಆದರೆ ಏಡಿಯ ತೂತನ್ನು ಉದ್ದಕ್ಕೆ ಸೀಳಿ ನೋಡಿದರೆ ಗೋಡೆಯ ಸುತ್ತ ತುಕ್ಕುಬಣ್ಣದ ಉಂಗುರ ಕಾಣುತ್ತದೆ. ತೂತಿನ ಮೂಲಕ ಗಾಳಿ ಅಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ಅದೇ ಸಾಕ್ಷಿ. ಏಡಿಗಳು ಬಯಲನ್ನು ಉಳುತ್ತಿವೆ, ಕೂಲಿಯಿಲ್ಲದೆ.

ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಬೇರೂರುವುದು ಇಂಥ ಕೆಸರಿನಲ್ಲೇ. ಕಾಳಿಯ ಅಳಿವೆಯಲ್ಲೂ ಅಂಕೋಲೆಯ ಗಂಗಾವಳಿ ಹೊಳೆಯ ದಂಡೆಗಳಲ್ಲೂ ಅವುಗಳ ಹಲವು ಜಾತಿಗಳಿವೆ. ಉಪ್ಪಟ್ಟಿ ಗಿಡ ಕೆಸರಿನಿಂದ ಮೇಲಕ್ಕೆ ಬೆರಳಿನಂಥ ಬೇರುಗಳನ್ನು ನೂರಾರು ಸಂಖ್ಯೆಯಲ್ಲಿ ಚಾಚಿ ಗಾಳಿ ಎಳೆದುಕೊಳ್ಳುತ್ತದೆ; ಹೀರಿದ ಉಪ್ಪನ್ನು ಎಲೆಗಳ ಮೂಲಕ ಹೊರಹಾಕುತ್ತದೆ. ಬೇಸಿಗೆಯಲ್ಲಿ ಅದರ ಎಲೆ ನೆಕ್ಕಿದರೆ ನಾಲಗೆಗೆ ಉಪ್ಪು ಹತ್ತುತ್ತದೆ. ಊರುಗಾಲು ಬೇರಿನ ಕಾಂಡ್ಲಾ ಉಪ್ಪನ್ನು ಬೇರಿನಲ್ಲೇ ತಡೆಯುತ್ತದೆ. ಅದರ ಬೀಜ ಮರದ ಮೇಲಿರುವಾಗಲೇ ಮೊಳೆತು ಗೇಣುದ್ದದ ಹಸಿರು ಕೋಡಾಗಿ ತೂಗುತ್ತದೆ. ಇಳಿತದಲ್ಲಿ ಬಿದ್ದರೆ ಕೆಸರಿಗೆ ಚುಚ್ಚಿಕೊಂಡು ನಿಲ್ಲುತ್ತದೆ, ಉಬ್ಬರದಲ್ಲಿ ಬಿದ್ದರೆ ತೇಲಿ ಬೇರೆ ದಂಡೆ ಹುಡುಕುತ್ತದೆ. ಬೇರುಗಳ ಜಾಲದಲ್ಲಿ ನೀರು ನಿಧಾನವಾಗಿ ಇನ್ನಷ್ಟು ಕೆಸರು ಕೂರುತ್ತದೆ. ದಡವನ್ನು ಕಾಂಡ್ಲಾ ಹಿಡಿದಿಡುವುದು ಹೀಗೆ.

ಕೆಸರಿನ ಒಳಗೆ ಚಿಪ್ಪಿಗಳು. ಅಕ್ಟೋಬರ್ ದಾಟಿ ನೀರಿಗೆ ಉಪ್ಪು ಮರಳಿದಂತೆ ಅವು ಬೆಳೆಯುತ್ತವೆ. ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಹೆಂಗಸರು ಹೊಳೆಗಿಳಿದು, ಕಾಲ ಬೆರಳಲ್ಲೇ ತಡವಿ ಚಿಪ್ಪಿ ಹೆಕ್ಕುವುದನ್ನು ಇಲ್ಲಿನ ಯಾವ ಅಳಿವೆಯಲ್ಲೂ ಕಾಣಬಹುದು. ಮಳೆಗಾಲದ ಸಿಹಿನೀರು, ಬೇಸಿಗೆಯ ಉಪ್ಪುನೀರು ಎಂಬ ವಾರ್ಷಿಕ ಲಯ ಚಿಪ್ಪಿಗೆ ಬೇಕು. ಇಲ್ಲಿ ಕಾಳಿಗೂ ಗಂಗಾವಳಿಗೂ ಒಂದು ಭೇದವಿದೆ. ಗಂಗಾವಳಿಗೆ ದೊಡ್ಡ ಅಣೆಕಟ್ಟೆಯಿಲ್ಲ. ಅದರ ಮೇಲ್ಭಾಗವಾದ ಬೇಡ್ತಿಗೆ ಕಟ್ಟಬೇಕೆಂದಿದ್ದ ಯೋಜನೆಯನ್ನು ನಾಲ್ಕು ದಶಕಗಳ ಹಿಂದೆ ಜನರೇ ಚಳವಳಿ ಹೂಡಿ ನಿಲ್ಲಿಸಿದರು. ಬೇಸಿಗೆಯಲ್ಲಿ ಅದು ಸೊರಗುತ್ತದೆ, ಉಪ್ಪುನೀರು ಬಹುದೂರ ಮೇಲೇರುತ್ತದೆ. ಕಾಳಿಯಲ್ಲಿ ಬೇಸಿಗೆಯಲ್ಲೂ ಟರ್ಬೈನುಗಳಿಂದ ಸಿಹಿನೀರು ಬರುತ್ತಿರುತ್ತದೆ. ಘಟ್ಟದ ಮರಳು ಮತ್ತು ಹೂಳಿನ ದೊಡ್ಡ ಪಾಲು ಮಾತ್ರ ಅಣೆಕಟ್ಟೆಗಳ ಹಿಂದೆಯೇ ನಿಲ್ಲುತ್ತದೆ.

ಬಾಗಿಲಿರುವ ಕಟ್ಟೆ

ಮನುಷ್ಯರು ದಡ ಮುಟ್ಟಿದ್ದೆಲ್ಲ ಕೆಡುಕೇ ಎನ್ನುವಂತಿಲ್ಲ. ಅಂಕೋಲಾ, ಕುಮಟಾ ಕಡೆಯ ಗಜನಿ ಗದ್ದೆಗಳನ್ನು ನೋಡಿ. ಉಬ್ಬರದ ನೀರು ನುಗ್ಗುವ ತಗ್ಗಿಗೆ ಮಣ್ಣಿನ ಕಟ್ಟೆ, ಕಟ್ಟೆಗೊಂದು ಜಂತ್ರಡಿ. ಜಂತ್ರಡಿಯೆಂದರೆ ಹಲಗೆ ಹಾಕಿ ತೆಗೆಯುವ ಬಾಗಿಲು. ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಬಾಗಿಲು ಮುಚ್ಚಿ ಕಗ್ಗ ಭತ್ತ ಬಿತ್ತುತ್ತಾರೆ. ತುಸು ಉಪ್ಪನ್ನೂ ಕೆಲವು ದಿನಗಳ ನೆರೆಯನ್ನೂ ತಾಳಿಕೊಳ್ಳುವ ತಳಿ ಅದು. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲಾದ ಮೇಲೆ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ನೀರಿನ ಜೊತೆ ಸೀಗಡಿ, ಮೀನಿನ ಮರಿಗಳು ಬಂದು ಕೊಳೆತ ಕೂಳೆ ತಿಂದು ಬೆಳೆಯುತ್ತವೆ. ಅವುಗಳ ಹಿಕ್ಕೆ ಮುಂದಿನ ಬೆಳೆಗೆ ಗೊಬ್ಬರ. ದಡದ ಪಟ್ಟಿಯನ್ನು ಅಳಿಸದೆ, ಅದರ ಲಯವನ್ನೇ ಕೈಯಲ್ಲಿ ಹಿಡಿದು ಬಳಸಿದ ವಿದ್ಯೆ ಇದು. 1990ರ ದಶಕದಲ್ಲಿ ಹಣದಾಸೆಗೆ ವರ್ಷವಿಡೀ ಸೀಗಡಿ ಕೃಷಿಗೆ ಹೊರಟಾಗ ರೋಗ ಬಂತು, ಕಟ್ಟೆಗಳು ಪಾಳು ಬಿದ್ದವು, ಹಲವೆಡೆ ಕಗ್ಗವೂ ಹೋಯಿತು.

ಉಪ್ಪಿನ ನೆನಪೂ ಈ ಪಟ್ಟಿಯಲ್ಲೇ ಇದೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋ‌ಲೆಯ ಜನ ಉಪ್ಪಿನ ಕಾನೂನು ಮುರಿದರು. ಉಬ್ಬರ ಬಿಟ್ಟುಹೋದ ನೀರು ಬಿಸಿಲಿಗೆ ಆರಿ ಆಗುವ ಉಪ್ಪಿಗೆ ಬ್ರಿಟಿಷ್ ಸರ್ಕಾರ ತೆರಿಗೆ ಹಾಕಬಾರದೆಂಬುದು ಅಂದಿನ ವಾದ.

ಗೆರೆ ಎಳೆದಾಗ

ಈ ಪಟ್ಟಿಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಿಂದ. ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವಿನ ನೆಲವನ್ನು, ಅದರ ಮೇಲಿನ ಒಂದಷ್ಟು ಅಗಲವನ್ನು ಅದು ಕಾಪಿಗೆ ತಂದಿತು. ಉಬ್ಬರ ತಲುಪುವ ಹೊಳೆಗಳ ದಂಡೆಯಲ್ಲಿ 2011ರ ಅಧಿಸೂಚನೆ 100 ಮೀಟರ್ ಅಗಲ ಇಟ್ಟಿತ್ತು. 2019ರದ್ದು ಅದನ್ನು 50ಕ್ಕೆ ಇಳಿಸಿತು. ಪಕ್ಕದ ಕುಮಟಾದ ಅಘನಾಶಿನಿ ಅಳಿವೆಗೆ 2024ರ ಆರಂಭದಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ತಾಣದ ಮನ್ನಣೆ ಸಿಕ್ಕಿತು, 4,801 ಹೆಕ್ಟೇರಿಗೆ. ಕಾಳಿ, ಗಂಗಾವಳಿಗಳಿಗೆ ಆ ಭಾಗ್ಯವಿಲ್ಲ.

ಅಗಲ ಕಳೆದುಕೊಂಡ ದಡ ಏನು ಮಾಡೀತು ಎಂಬುದನ್ನು 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರು ಕಂಡಿತು. ಅಲ್ಲಿ ಗುಡ್ಡಕ್ಕೂ ಗಂಗಾವಳಿಗೂ ನಡುವೆ ಇರುವ ಇಕ್ಕಟ್ಟಿನ ಜಾಗದಲ್ಲೇ ಹೆದ್ದಾರಿ ಹೋಗಬೇಕು. ಅಗಲೀಕರಣಕ್ಕೆಂದು ಬುಡ ಕಡಿದ ಗುಡ್ಡ ಭಾರಿ ಮಳೆಗೆ ಕುಸಿದು, ರಸ್ತೆ ದಾಟಿ, ಹೊಳೆಗೆ ಬಿತ್ತು. ಮಣ್ಣು ದೂಡಿದ ನೀರು ಎತ್ತರದ ಅಲೆಯಾಗಿ ಆಚೆ ದಡದ ಉಳುವರೆ ಊರಿನ ಮೇಲೆರಗಿ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಸರೋವರ, ಹೊಳೆಗಳಿಗೆ ದೊಡ್ಡ ರಾಶಿ ಥಟ್ಟನೆ ಬಿದ್ದಾಗ ಏಳುವ ಇಂಥ ಅಲೆಗೆ ಗಾಳಿಯೂ ಬೇಡ, ಭೂಕಂಪವೂ ಬೇಡ. ಬಿದ್ದ ಮಣ್ಣಿನಷ್ಟೇ ನೀರು ಜಾಗ ಬಿಟ್ಟು ಏಳಲೇಬೇಕು. ಎರಡೂ ದಡ ಸೇರಿ ಹನ್ನೊಂದು ಜೀವಗಳು ಹೋದವು.

ನಿಧಾನವಾಗಿ ಬರುತ್ತಿರುವ ಆಪತ್ತು ಇನ್ನೊಂದು. 1901ರಿಂದ 2018ರ ನಡುವೆ ಜಗತ್ತಿನ ಸಾಗರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ ಎಂಬುದು ಹವಾಮಾನ ಕುರಿತ ಅಂತರಸರ್ಕಾರಿ ಸಮಿತಿಯ ಅಂದಾಜು. ಏರುವ ವೇಗವೂ ಹೆಚ್ಚುತ್ತಿದೆ. ನಮ್ಮ ಹಿಂದಿನ ಲೆಕ್ಕದ ಕೆಸರು ಬಯಲಿನಲ್ಲಿ 20 ಸೆಂಟಿಮೀಟರ್ ಏರಿಕೆಯೆಂದರೆ ದಡ 40 ಮೀಟರ್ ಒಳಕ್ಕೆ ಸರಿಯಬೇಕು. ಹಿಂದೆ ಖಾಲಿ ನೆಲವಿದ್ದರೆ ಕಾಂಡ್ಲಾ, ಏಡಿ, ಚಿಪ್ಪಿ ಎಲ್ಲವೂ ಜೊತೆಗೇ ಸರಿಯುತ್ತವೆ. ಗೋಡೆಯಿದ್ದರೆ ಪಟ್ಟಿ ಕಡಲಿಗೂ ಗೋಡೆಗೂ ನಡುವೆ ಸಿಕ್ಕಿ ಕಿರಿದಾಗಿ ಕೊನೆಗೆ ಇಲ್ಲವಾಗುತ್ತದೆ. ಕಾರವಾರದ ಬಂದರು ವಿಸ್ತರಣೆ, ಕೇಣಿಯ ಬಂದರು ಯೋಜನೆಗಳನ್ನು ಮೀನುಗಾರರು ವಿರೋಧಿಸುತ್ತಿರುವುದರ ಹಿಂದೆ ಹೊಟ್ಟೆಪಾಡಿನ ಜೊತೆಗೆ ಈ ಅರಿವೂ ಇದೆ. ಬಂದರು ಬೇಕೇ ಬೇಡವೇ ಎಂಬುದನ್ನು ಈ ಪುಸ್ತಕ ತೀರ್ಮಾನಿಸದು. ಆದರೆ ಲಾಭನಷ್ಟದ ಪಟ್ಟಿಯಲ್ಲಿ ದಡದ ಅಗಲಕ್ಕೆ ಒಂದು ಸಾಲು ಇರಲೇಬೇಕು. ಈವರೆಗಿನ ಚರ್ಚೆಯಲ್ಲಿ ಅದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ನಿಮ್ಮೂರಿನದು ಕೆರೆಯಿರಲಿ, ಹಿನ್ನೀರಿರಲಿ, ಕಡಲಿರಲಿ, ದಂಡೆಗೆ ತಡೆಗೋಡೆಯೋ ರಸ್ತೆಯೋ ಕಲ್ಲುಹಾಸಿನ ನಡಿಗೆದಾರಿಯೋ ಬರುತ್ತದೆಂದು ಕೇಳಿದಾಗ ಎರಡು ಪ್ರಶ್ನೆ ಕೇಳಿ. ಇಲ್ಲಿ ನೀರು ಹೆಚ್ಚೆಂದರೆ ಎಲ್ಲಿಯವರೆಗೆ ಬರುತ್ತದೆ? ಕಡಿಮೆಯೆಂದರೆ ಎಲ್ಲಿಯವರೆಗೆ ಇಳಿಯುತ್ತದೆ? ಆ ಎರಡು ಗುರುತುಗಳ ನಡುವಿನ ನೆಲವನ್ನು ನಕ್ಷೆಯಲ್ಲಿ ತೋರಿಸಲಾರದ ಯೋಜನೆಗೆ ಒಪ್ಪಿಗೆ ಕೊಡಬೇಡಿ.